ದೂರು ಪುಸ್ತಕದ ದೊಬ್ರಿಂಕಾ

ದೊಬ್ರಿಂಕಾ ಮನೆಯಿಂದ ಹೊರಟರೆ, ಬೀಗ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಹಿಂದಿರುಗುತ್ತಾಳೆ. ಮೂರನೆಯ ಸಲ ನನ್ನ ಅಂಗಡಿಯ ಮುಂದೆ ನಿಂತು, "ಹರಲಾಂಪಿ, ನಾನೀಗ ವಾಪಸ್ ಹೋಗಿ ನೋಡ್ಕೊಂಡು ಬಂದೆ ತಾನೆ?" ಎಂದು ಕೇಳುತ್ತಾಳೆ. ಬಂದೆ ಎಂದರೆ ನಂಬುವುದಿಲ್ಲ. ಇಲ್ಲ ಎಂದರೆ ನಾಲ್ಕನೆಯ ಸಲ ಹೋಗುತ್ತಾಳೆ. ನಲವತ್ತು ವರ್ಷದ ಅನುಭವದಿಂದ ನಾನೊಂದು ಮದ್ದು ಕಂಡುಹಿಡಿದಿದ್ದೇನೆ. ಉತ್ತರ ಕೊಡುವ ಬದಲು ಅವಳಿಗೆ ಏನಾದರೂ ಮಾರಲು ಹೋಗುತ್ತೇನೆ. ತಕ್ಷಣ ನಡೆದುಬಿಡುತ್ತಾಳೆ. ಇಪ್ಪತ್ತೆರಡು ವರ್ಷದಿಂದ ನನ್ನ ಅಂಗಡಿಯಲ್ಲಿ ಅವಳು ಒಂದು ಮೊಳೆಯನ್ನೂ ಕೊಂಡಿಲ್ಲ. ಅದಕ್ಕೆ ಕಾರಣವಿದೆ, ಹೇಳುತ್ತೇನೆ.

ನಮ್ಮ ತೋಪ್ಲಿಕ್ ಬಲ್ಗೇರಿಯಾದ ಬಿಸಿನೀರಿನ ಊರುಗಳಲ್ಲಿ ಒಂದು. ನೆಲದೊಳಗಿಂದ ಸುಡುನೀರು ತಾನಾಗಿ ಉಕ್ಕುತ್ತದೆ. ಅದರಲ್ಲಿ ನಮ್ಮ ಶ್ರಮವೇನೂ ಇಲ್ಲ, ಆದರೂ ನಾವೇ ಕಾಯಿಸಿ ಕಳಿಸಿದ ಹಾಗೆ ಮಾತಾಡುತ್ತೇವೆ. ನನ್ನ ಅಂಗಡಿಯ ಎದುರಿಗೆ ಊರಿನ ಸ್ನಾನಗೃಹ, ಅದರ ಗೋಡೆಗೆ ಹೊಂದಿಕೊಂಡು ಜನ ಕ್ಯಾನು ತುಂಬಿಸಿಕೊಳ್ಳುವ ಕಲ್ಲಿನ ನಲ್ಲಿ. ಕ್ಯಾನು ಮಾರುವವನು ನಾನು. ಜಾಗ ಆರಿಸುವುದರಲ್ಲಿ ನಮ್ಮಪ್ಪ ದಡ್ಡನಾಗಿರಲಿಲ್ಲ.

ಆ ಸ್ನಾನಗೃಹದ ಹೆಂಗಸರ ವಿಭಾಗದಲ್ಲಿ ದೊಬ್ರಿಂಕಾ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಸೋಪು ಕೊಡುವುದು, ಟವೆಲು ಕೊಡುವುದು, ಜಾರದಂತೆ ಹಾಕಿಕೊಳ್ಳಲು ಮರದ ಹಾವುಗೆ ಕೊಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಸರದಿ ಕೂಗುವುದು. "ಏಳನೇ ನಂಬರ್, ಹೊತ್ತಾಯ್ತು! ಎಂಟನೇ ನಂಬರ್, ಒಳಗೆ ಬಾ!" ಗುಮ್ಮಟದ ಕೆಳಗೆ ಹುಟ್ಟಿದ ಆ ಕೂಗು ಸುತ್ತಿ ಸುತ್ತಿ ರಸ್ತೆ ದಾಟಿ ನನ್ನ ಗಲ್ಲಾಪೆಟ್ಟಿಗೆಯ ತನಕ ಬರುತ್ತಿತ್ತು. ಒಂಬತ್ತು ವರ್ಷದ ಹಿಂದೆ ಛಾವಣಿ ಸೋರಿತೆಂದು ನಗರಸಭೆಯವರು ಸ್ನಾನಗೃಹವನ್ನು ತಾತ್ಕಾಲಿಕವಾಗಿ ಮುಚ್ಚಿದರು. ಛಾವಣಿ ರಿಪೇರಿಯಾಯಿತು, ತಾತ್ಕಾಲಿಕ ಮಾತ್ರ ಹಾಗೇ ಉಳಿಯಿತು. ಕೀಲಿಯನ್ನು ಯಾರೂ ವಾಪಸು ಕೇಳಲಿಲ್ಲವಾದ್ದರಿಂದ ದೊಬ್ರಿಂಕಾ ಅದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಪ್ರತಿ ಗುರುವಾರ ಬಾಗಿಲು ತೆರೆಯುವುದು, ಕಿಟಕಿ ತೆರೆಯುವುದು, ಖಾಲಿ ಕೊಳ ಗುಡಿಸುವುದು, ಮುಚ್ಚುವುದು, ಆಮೇಲೆ ಮುಚ್ಚಿದೆನೋ ಇಲ್ಲವೋ ಎಂದು ಬಂದು ನೋಡುವುದು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಆ ಗುರುವಾರವೊಂದಕ್ಕಾಗಿ ಅವಳು ಉಳಿದ ಆರು ದಿನ ಬದುಕುತ್ತಿದ್ದಳು ಎಂದರೆ ತಮಾಷೆಯಲ್ಲ.

ಆಗಸ್ಟಿನಲ್ಲಿ ಸೋಫಿಯಾದಿಂದ ಆರು ಜನ ಹುಡುಗ ಹುಡುಗಿಯರು ಬಂದರು. ಸದ್ದಿನ ಕಲಾವಿದರಂತೆ. ಚಿತ್ರ ಬರೆಯುವುದಿಲ್ಲ, ಮೂರ್ತಿ ಕೆತ್ತುವುದಿಲ್ಲ, ಸದ್ದನ್ನು ಜೋಡಿಸಿಡುತ್ತಾರೆ. ಗ್ಯಾಲರಿಗಳ ಗೋಡೆಗಳು ಸದ್ದು ನುಂಗಿಬಿಡುತ್ತವೆ, ಅದಕ್ಕೇ ಸ್ನಾನಗೃಹ ಬೇಕು ಎಂದರು. ಗುಂಪಿಗೆ ಕಾಲಿನ್ ಎಂಬುವನು ಮುಖ್ಯಸ್ಥ. ಗೋಡೆಗೆ ಕಿವಿಯಿಟ್ಟು ನಿಂತರೆ ಸಾಲಗಾರನ ಮನೆ ಬಾಗಿಲಲ್ಲಿ ನಿಂತವನಂತೆ ಕಾಣುತ್ತಿದ್ದ. ಎಲಿತ್ಸಾ ಎಂಬ ಹುಡುಗಿ ಮಾತ್ರ ಮೊದಲ ದಿನವೇ ಒಳಗೆ ಹೋಗಿ ಒಂದು ಸಲ ಚಪ್ಪಾಳೆ ತಟ್ಟಿ, ಆ ಸದ್ದು ಸಾಯುವವರೆಗೆ ಕಣ್ಣು ಮುಚ್ಚಿ ನಿಂತಳು.

"ಹನ್ನೊಂದು ಎಣಿಸೋವರೆಗೆ ಉಳೀತು, ಅತ್ತೆ!" ಎಂದಳು ದೊಬ್ರಿಂಕಾಗೆ.

"ನೀರಿದ್ದಾಗ ಒಂಬತ್ತು ಅಷ್ಟೇ ಇರ್ತಿತ್ತು," ಎಂದಳು ಇವಳು. "ಜನ ಇದ್ದಾಗ ಏಳು."

ಆ ಗಳಿಗೆಯಿಂದ ಎಲಿತ್ಸಾ ಅವಳನ್ನು ಬಿಡಲಿಲ್ಲ.

ಅನುಮತಿ ಕೊಡಬೇಕಾದವನು ಉಪಮೇಯರ್ ಸ್ಲಾವ್ಚೆವ್. ನಮ್ಮೂರಿನವನೇ, ನಲವತ್ತನಾಲ್ಕರ ಪ್ರಾಯ, ಹೊಸ ಬೂಟು. ಅನುಮತಿ ಕೊಟ್ಟ, ಆದರೆ ನನ್ನ ಅಂಗಡಿ ಮುಂದೆಯೇ ದೊಬ್ರಿಂಕಾಳನ್ನು ನಿಲ್ಲಿಸಿ ಒಂದು ಮಾತು ಹೇಳಿದ.

"ನೋಡಿ, ಆ ಕೀಲಿ ನಿಮ್ಮ ಕುತ್ತಿಗೇಲಿ ಯಾವ ಕಾಗದದ ಮೇಲಿದೆ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ. ಈ ಸದ್ದುಗದ್ದಲದ ಮೇಲೆ ಒಂದು ದೂರು ಬರಲಿ. ಒಂದೇ ಒಂದು. ಸೋಮವಾರ ಕೀಲಿ ನನ್ನ ಮೇಜಿನ ಮೇಲಿರ್ಬೇಕು, ಬಾಗಿಲಿಗೆ ಹಲಗೆ ಬೀಳುತ್ತೆ."

"ದೂರು ಬರೋದಿಲ್ಲ, ಸ್ಲಾವ್ಚೆವ್ ಅವರೇ."

"ಮೂವತ್ತೊಂದು ವರ್ಷದಲ್ಲಿ ಎಷ್ಟು ಬಂದಿತ್ತು?"

"ಮೂರು," ಎಂದು ತಟ್ಟನೆ ಹೇಳಿ ದೊಬ್ರಿಂಕಾ ಕೆಂಪಾದಳು.

ಸದ್ದಿನ ಪ್ರದರ್ಶನಕ್ಕೆ ಸದ್ದಿನ ಬಗ್ಗೆ ದೂರು ಬರಬಾರದು ಎನ್ನುವ ಷರತ್ತು, ಮೀನಂಗಡಿಗೆ ವಾಸನೆ ಬರಬಾರದು ಎಂದ ಹಾಗೆ. ನಾನು ಹಾಗೆಂದು ಹೇಳಿದೆ. ಅವಳು ನಗಲಿಲ್ಲ.

ಆ ಮೂರು ದೂರುಗಳು ಅವಳಿಗೆ ಬಾಯಿಪಾಠ. ಮೊದಲನೆಯದು ಕೆಲಸಕ್ಕೆ ಸೇರಿದ ವರ್ಷದ್ದು: "ನನ್ನ ಮಗನ ಕಣ್ಣಿಗೆ ಸೋಪು ಹೋಗಿದೆ, ಪರಿಚಾರಕಿ ಗಮನವಿಡಲಿ." ಎರಡನೆಯದು: "ಟವೆಲು ಒದ್ದೆಯಿತ್ತು." ಮೂರನೆಯದು: "ಸರದಿ ಕೂಗುವ ದನಿ ಅತಿ ಜೋರು, ಎದುರು ರಸ್ತೆಯಲ್ಲಿ ವ್ಯಾಪಾರ ಮಾಡುವುದು ಕಷ್ಟ." ಇದನ್ನು ಬರೆದವನು ಯಾರೆಂದು ಊರಿಗೇ ಗೊತ್ತು. ಇಪ್ಪತ್ತೆರಡು ವರ್ಷವಾಯಿತು.

ಸೆಪ್ಟೆಂಬರಿನ ಮೂರನೆಯ ಶನಿವಾರ ಸಂಜೆ ಐದಕ್ಕೆ ಉದ್ಘಾಟನೆ ಎಂದಾಯಿತು. ಊರೆಲ್ಲ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುತ್ತ ಕೂತಿರುವ ತಿಂಗಳು. ಯಾರಿಗೂ ಪುರುಸೊತ್ತಿಲ್ಲ. ದೊಬ್ರಿಂಕಾಗೆ ನಿದ್ದೆಯೂ ಇಲ್ಲ. ಸ್ನಾನದ ಗೂಡುಗಳಲ್ಲಿ ಹುಡುಗರು ಸ್ಪೀಕರ್ ತೂಗುಹಾಕಿದರೆ ಇವಳು ಹಿಂದಿನಿಂದ ಹೋಗಿ ಪ್ರತಿಯೊಂದನ್ನೂ ಎಳೆದು ನೋಡುತ್ತಿದ್ದಳು. ಎರಡು ಕೈಗೇ ಬಂದವು. ಕಾಲಿನ್ ಮತ್ತೆ ಕಟ್ಟಿದ. ಗುಮ್ಮಟದ ಗಾಜು ಅಲುಗಾಡಿದರೆ? ವೈರು ಒದ್ದೆಯಾದರೆ? ಯಾರಾದರೂ ಜಾರಿದರೆ? ಜಾರಿದರೆ ಎಂಬ ಯೋಚನೆ ಬಂದ ಕೂಡಲೆ ಉಗ್ರಾಣದಿಂದ ಹಳೆಯ ಹಾವುಗೆಗಳ ಪೆಟ್ಟಿಗೆ ಎಳೆದು ತಂದು, ನಲವತ್ತು ಜೊತೆ ಒರೆಸಿ ಸಾಲಾಗಿಟ್ಟಳು.

ಕಾಲಿನ್ ತಲೆ ಹಿಡಿದುಕೊಂಡ. "ಅತ್ತೆ, ಬಂದೋರೆಲ್ಲ ಇದನ್ನ ಹಾಕ್ಕೊಂಡು ಟಕಟಕ ಅಂತ ಓಡಾಡಿದ್ರೆ ನಮ್ಮ ಕೆಲಸ ಕೇಳ್ಸೋದು ಹೇಗೆ? ನನ್ನದರಲ್ಲಿ ಎಂಟು ನಿಮಿಷ ಬರೀ ಉಸಿರಿನ ಸದ್ದಿದೆ."

"ಸೊಂಟ ಮುರಿಯೋ ಸದ್ದು ಚೆನ್ನಾಗಿ ಕೇಳ್ಸುತ್ತಲ್ಲ, ಅದು ಬೇಕಾ ನಿಂಗೆ?"

"ಬರೋರು ನಿಧಾನಕ್ಕೆ ನಡೀತಾರೆ, ಅತ್ತೆ..."

"ವಸಿಲೆನಾ ಅಜ್ಜಿಗೆ ಎಂಬತ್ನಾಕು. ಅವಳು ನಿಧಾನಕ್ಕೇ ಬೀಳ್ತಾಳೆ, ಆದ್ರೆ ಬೀಳ್ತಾಳೆ."

ಎಲಿತ್ಸಾ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ ಬಿದ್ದು ಬಿದ್ದು ನಕ್ಕಳು. ಹಾವುಗೆ ಗೆದ್ದಿತು. ಆದರೆ ಎಲಿತ್ಸಾ ಕೇಳಿದ ಇನ್ನೊಂದಕ್ಕೆ ಇವಳು ಒಪ್ಪಲಿಲ್ಲ. "ಅತ್ತೆ, ನೀವು ಸರದಿ ಕೂಗೋದನ್ನ ಒಂದ್ಸಲ ಮೈಕಲ್ಲಿ ಹಿಡ್ಕೊಳ್ತೀನಿ. ನನ್ನ ಗೂಡಿಗೆ ಅದೇ ಬೇಕು." ದೊಬ್ರಿಂಕಾ ಸೆರಗಂಚಿನಂತೆ ಏಪ್ರನ್ನಿನ ಅಂಚು ತಿರುಚುತ್ತ, "ನನ್ನ ದನಿ ಮೇಲೆ ಆಗ್ಲೇ ಒಂದು ದೂರಿದೆ ಮಗಳೇ," ಎಂದು ನನ್ನ ಅಂಗಡಿಯ ಕಡೆ ನೋಡದೆ ನೋಡಿದಳು. ಹುಡುಗಿ ತನ್ನ ಗೂಡಿಗೆ ಬೇರೆ ಏನೋ ಹಾಕಿಕೊಂಡಳು.

ಶುಕ್ರವಾರ ಕಾಲಿನ್ ನೆನಪು ಮಾಡಿಕೊಂಡ: ಬಂದವರು ಅನಿಸಿಕೆ ಬರೆಯಲು ಒಂದು ಪುಸ್ತಕ ಬೇಕಲ್ಲ. ನಾನು ಒಳ್ಳೆಯ ರಟ್ಟಿನ ನೋಟ್‌ಬುಕ್ಕೊಂದನ್ನು ಕೈಯಲ್ಲಿ ಹಿಡಿದು ರಸ್ತೆ ದಾಟಿದೆ. ದೊಬ್ರಿಂಕಾ ಅದನ್ನು ಬಿಡಿಸಿ, ಮಡಿಸಿ, ವಾಪಸು ಕೊಟ್ಟಳು.

"ಇದಕ್ಕೆ ಪುಟದ ನಂಬರ್ ಎಲ್ಲಿ?"

"ಬೇಕಾದ್ರೆ ಬರ್ಕೋ."

"ದಾರ ಎಲ್ಲಿ? ಮೊಹರು ಎಲ್ಲಿ? ಯಾರು ಬೇಕಾದ್ರೂ ಹಾಳೆ ಕೀಳಬಹುದು. ಇದೊಂದು ಪುಸ್ತಕಾನಾ, ಹರಲಾಂಪಿ?"

ಅವಳಲ್ಲಿ ಪುಸ್ತಕವಿತ್ತು. ಟಿಕೆಟ್ ಕಿಟಕಿಯ ಕೆಳಗಿನ ಡ್ರಾಯರಿನಲ್ಲಿ, ಟವೆಲಿನಲ್ಲಿ ಸುತ್ತಿಟ್ಟದ್ದು. ಪುಟಪುಟಕ್ಕೂ ನಂಬರು, ಬೆನ್ನಿಗೆ ಪೋಣಿಸಿದ ದಾರ, ದಾರದ ಗಂಟಿನ ಮೇಲೆ ನಗರಸಭೆಯ ಮೊಹರು. ಇನ್ನೂರು ಪುಟದಲ್ಲಿ ನಲವತ್ತು ಮಾತ್ರ ಬಳಕೆಯಾಗಿತ್ತು. ಹೆಚ್ಚಿನವು ಹೊಗಳಿಕೆಗಳೇ. ನೂರ ಅರವತ್ತು ಪುಟ ಖಾಲಿಯಿರುವಾಗ ಹೊಸದನ್ನು ಕೊಳ್ಳುವುದು ಅವಳ ಪಾಲಿಗೆ ಪಾಪ. ಪೆನ್ಸಿಲಿಗೆ ನೂಲು ಕಟ್ಟಿ, ಪುಸ್ತಕವನ್ನು ಕಿಟಕಿಯ ಕಟ್ಟೆಯ ಮೇಲೆ ಮುಖ ಮೇಲಾಗಿ ಇಟ್ಟಳು. ಮುಖದ ಮೇಲೆ ಅಚ್ಚಿನಲ್ಲಿ ಏನಿತ್ತು ಎಂಬುದನ್ನು ಅವಳು ಓದಲಿಲ್ಲ. ದಿನವೂ ನೋಡುವ ಗಂಡನ ಮುಖವನ್ನು ಯಾರು ಓದುತ್ತಾರೆ? ನಾನೂ ಓದಲಿಲ್ಲ. ಮಾರಾಟವಾಗದ ನೋಟ್‌ಬುಕ್ಕಿನ ದುಃಖದಲ್ಲಿದ್ದೆ.

ಶನಿವಾರ ಬೆಳಗ್ಗೆ ಹೊಸ ಗಂಡಾಂತರ. ಕೊಳದ ಬಳಿಯ ಸ್ಪೀಕರಿನಲ್ಲಿ ನೀರಿನ ಸದ್ದು ಬರಬೇಕಿತ್ತು, ಬಂದದ್ದು ಎಣ್ಣೆಯಲ್ಲಿ ಮೀನು ಹುರಿಯುವ ಸದ್ದು. ಹುಡುಗರು ವೈರು ಬಿಚ್ಚಿದರು, ಕಟ್ಟಿದರು, ಒಬ್ಬರ ಮೇಲೊಬ್ಬರು ಹರಿಹಾಯ್ದರು. ಕೊನೆಗೆ ದೊಬ್ರಿಂಕಾ ಗಂಟಲು ಸರಿಮಾಡಿಕೊಂಡು, "ನಿಜವಾದ ನೀರೇ ಇದೆಯಲ್ಲ," ಎಂದಳು. ಹೇಳಿಯಾದ ಮೇಲೆ ಹೇಳಿದ್ದಕ್ಕೆ ಹೆದರಿದಳು. ಕೊಳಕ್ಕೆ ನೀರು ಬಿಡಲು ಇದ್ದದ್ದು ಒಂಬತ್ತು ವರ್ಷದಿಂದ ಮುಟ್ಟದ, ಗಾಲಿಯಂಥ ದೊಡ್ಡ ಕವಾಟ. ಅದನ್ನು ತಿರುಗಿಸಿದರೆ ಬೀದಿಯ ನಲ್ಲಿಗೆ ನೀರು ಕಡಿಮೆಯಾಗಬಹುದು. ಬೀದಿಯ ನಲ್ಲಿಗೆ ಕಡಿಮೆಯಾದರೆ ಒಂದಲ್ಲ, ನೂರು ದೂರು.

ನನ್ನನ್ನು ನಲ್ಲಿಯ ಪಕ್ಕ ಕಾವಲು ನಿಲ್ಲಿಸಿದಳು. "ಸಣ್ಣಗಾದ್ರೆ ಈ ಟವೆಲ್ ಬೀಸು. ಬೇರೆ ಯಾವುದಕ್ಕೂ ಬೀಸ್ಬೇಡ."

"ನೊಣ ಬಂದ್ರೆ?"

"ಸಹಿಸ್ಕೋ."

ಇಪ್ಪತ್ತು ನಿಮಿಷ ಟವೆಲು ಹಿಡಿದು ನಿಂತೆ. ಕ್ಯಾನು ಹಿಡಿದು ಸಾಲಿನಲ್ಲಿದ್ದವರು, ಹರಲಾಂಪಿ ಕೊನೆಗೂ ಸ್ನಾನ ಮಾಡುವ ಮನಸ್ಸು ಮಾಡಿದ್ದಾನೆ ಎಂದರು. ಒಳಗೆ ಕಬ್ಬಿಣ ನರಳಿತು. ನಲ್ಲಿಯ ಧಾರೆ ಒಮ್ಮೆ ಕೆಮ್ಮಿತು. ನಾನು ಟವೆಲು ಅರ್ಧ ಎತ್ತಿದೆ. ಆಮೇಲೆ ಧಾರೆ ಎಂದಿನಂತೆ ಸುರಿಯಿತು. ಒಳಗೆ ಹೋಗಿ ನೋಡಿದರೆ ಕಲ್ಲಿನ ತುಟಿಯಿಂದ ಬೆರಳು ದಪ್ಪದ ಬಿಸಿನೀರು ಕೊಳಕ್ಕೆ ಬೀಳುತ್ತಿದೆ, ಸಣ್ಣಗೆ ಹಬೆ ಏಳುತ್ತಿದೆ. ದೊಬ್ರಿಂಕಾ ಅಂಗೈ ಒಡ್ಡಿ ನಿಂತಿದ್ದಳು. ಎಲಿತ್ಸಾ ಮೈಕನ್ನು ನೀರಿಗೆ ಹಿಡಿಯಲು ಹೋದವಳು ಅವಳ ಮುಖ ನೋಡಿ ಕೆಳಗಿಟ್ಟಳು.

ಐದು ಗಂಟೆಗೆ ಬಾಗಿಲು ತೆರೆಯಿತು. ಸೋಫಿಯಾದಿಂದ ಒಂದಿಪ್ಪತ್ತು ಜನ ಬರುತ್ತಾರೆಂದು ಕಾಲಿನ್ ಎಣಿಸಿದ್ದ, ಬಂದರು. ಆದರೆ ಊರಿನ ಹೆಂಗಸರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಸ್ನಾನಗೃಹದಲ್ಲಿ ನೀರು ಬಿಟ್ಟಿದ್ದಾರಂತೆ ಎಂಬ ಸುದ್ದಿ ಕ್ಯಾನಿನ ಸಾಲಿನಿಂದ ಹೊರಟು ಮೆಣಸಿನಕಾಯಿ ಒಲೆಗಳ ಹೊಗೆಗಿಂತ ಬೇಗ ಹರಡಿತ್ತು. ಬೆರಳೆಲ್ಲ ಮಸಿಯಾದ ಹೆಂಗಸರು, ಕೆಲವರ ಕೈಯಲ್ಲಿ ಟವೆಲು, ಒಬ್ಬಳ ಚೀಲದಲ್ಲಿ ಸೋಪು. ಹಾವುಗೆ ಮೆಟ್ಟಿ ನಡೆದರು ನೋಡಿ, ಗುಮ್ಮಟದ ಕೆಳಗೆ ಕುದುರೆ ಸಂತೆ ನೆರೆದಂತಾಯಿತು. ಗೂಡುಗಳೊಳಗೆ ಸದ್ದುಗಳಿದ್ದವು: ಒಂದರಲ್ಲಿ ಮೈಯುಜ್ಜುವ ಒರಟು ಕೈಗವಸಿನ ಸರಸರ, ಒಂದರಲ್ಲಿ ಕೊಕ್ಕರೆಯ ಕೊಕ್ಕಿನ ಕಟಕಟ, ಒಂದರಲ್ಲಿ ಕಾಲಿನ್ನನ ಎಂಟು ನಿಮಿಷದ ಉಸಿರು. ಉಸಿರಿನ ಗೂಡಿನಲ್ಲಿ ವಸಿಲೆನಾ ಅಜ್ಜಿ ಬೆಂಚಿನ ಮೇಲೆ ಕೂತು ಪಕ್ಕದವಳಿಗೆ ಸೊಸೆಯ ಕಥೆ ಹೇಳುತ್ತಿದ್ದಳು. ಕಾಲಿನ್ ಹೊರಗೆ ನಿಂತು ಬೆರಳು ಕಚ್ಚುತ್ತಿದ್ದ.

ಉಪಮೇಯರ್ ಬಂದ. ಹೊಸ ಬೂಟು ಬಿಚ್ಚಿಸಿ ಹಾವುಗೆ ಹಾಕಿಸಿದಳು ದೊಬ್ರಿಂಕಾ. ಅವನ ಹಿಂದೆ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಡೆಯುತ್ತ, ಅವನು ಹುಬ್ಬು ಏರಿಸಿದಾಗಲೆಲ್ಲ ಕೊರಳಿನ ದಾರ ಮುಟ್ಟಿಕೊಳ್ಳುತ್ತಿದ್ದಳು. ಆರೂವರೆಯಾಯಿತು. ಯಾರೂ ಜಾರಲಿಲ್ಲ. ಗಾಜು ಒಡೆಯಲಿಲ್ಲ. ಪೆನ್ಸಿಲು ಮೊಂಡಾಗಿದೆ ಎಂದು ಯಾರೋ ಕೂಗಿದರು. ಅವಳು ಚಾಕು ಹಿಡಿದು ಟಿಕೆಟ್ ಕಿಟಕಿಗೆ ಹೋದಳು. ನಾನು ಅಲ್ಲೇ ಇದ್ದೆ. ಅವಳ ಕೈಯಿಂದ ಚಾಕು ಬಿದ್ದ ಸದ್ದಿಗೆ ತಿರುಗಿದೆ.

ಪುಸ್ತಕದ ಮುಖದ ಮೇಲೆ ಅಚ್ಚಿನಲ್ಲಿದ್ದುದು: ದೂರು ಮತ್ತು ಪ್ರಶಂಸೆಗಳ ಪುಸ್ತಕ.

ನಮ್ಮ ಕಾಲದಲ್ಲಿ ಅಂಗಡಿ, ಅಂಚೆ, ಹೋಟೆಲು, ಕ್ಷೌರದಂಗಡಿ ಎಲ್ಲೆಲ್ಲೂ ಅದೊಂದು ತೂಗುತ್ತಿತ್ತು. ಆ ಪುಸ್ತಕ ಕಂಡರೆ ನಮ್ಮ ಜನಕ್ಕೆ ಕೈ ತುರಿಸುತ್ತದೆ. ಹೊಗಳುವುದು ದಾಕ್ಷಿಣ್ಯ, ದೂರುವುದು ಹಕ್ಕು. ಸಾಲಾಗಿ ನಿಂತು, ಹಿಂದಿನ ರೂಢಿಯಂತೆ ತಾರೀಖು ಹಾಕಿ, ಸಹಿ ಮಾಡಿ ಬರೆದಿದ್ದರು. "ಹೆಂಗಸರ ಕಡೆ ಬಿಸಿನೀರು ಸಣ್ಣಗೆ ಬರುತ್ತಿದೆ." "ಮೂರನೇ ಗೂಡಿನ ಬೆಂಚಿನ ಕಾಲು ಅಲ್ಲಾಡುತ್ತದೆ, ಹಿಂದೆಯೂ ಅಲ್ಲಾಡುತ್ತಿತ್ತು." "ಸೋಪು ಕೊಡಲಿಲ್ಲ." "ಶುಕ್ರವಾರ ಎರಡೂ ಕಡೆ ಹೆಂಗಸರಿಗೆ ಎಂದಿತ್ತು, ಒಂಬತ್ತು ವರ್ಷದಿಂದ ಇಲ್ಲ, ಕಾರಣ ತಿಳಿಸಿ." "ಗೂಡಿನಲ್ಲಿ ಯಾರೋ ಏದುಸಿರು ಬಿಡುತ್ತಿದ್ದಾರೆ, ವೈದ್ಯರನ್ನು ಕರೆಸಿ."

"ಇಪ್ಪತ್ಮೂರು," ಎಂದಳು ದೊಬ್ರಿಂಕಾ. ತುಟಿ ಬೆಳ್ಳಗಾಗಿತ್ತು.

"ಹಾಳೆ ಕಿತ್ತುಬಿಡು," ಎಂದೆ ಮೆಲ್ಲಗೆ.

"ನಂಬರಿದೆ."

"ಪುಸ್ತಕಾನೇ ಬಚ್ಚಿಡು. ನನ್ನ ನೋಟ್‌ಬುಕ್ ಇಡೋಣ, ಓಡಿ ತರ್ತೀನಿ."

"ಕೇಳಿದೋರಿಗೆ ತಕ್ಷಣ ಕೊಡ್ಬೇಕು ಅಂತ ಒಳಗೆ ನಿಯಮ ಬರ್ದಿದೆ, ಹರಲಾಂಪಿ."

ಕೇಳುವವನು ಬಂದೇಬಿಟ್ಟ. ಟಕ್, ಟಕ್, ಟಕ್. ಫೋಟೋದವನನ್ನು ಜೊತೆಗೆ ಕರೆದುಕೊಂಡು, ಎರಡು ಒಳ್ಳೆಯ ಮಾತು ಬರೆದುಬಿಡುತ್ತೇನೆ ಎಂದು ಉಪಮೇಯರ್ ಪೆನ್ಸಿಲು ಎತ್ತಿಕೊಂಡ. ಓದಿದ. ಪುಟ ತಿರುಗಿಸಿದ. ನಂಬಲಾಗದೆ ಬಾಯಿಬಿಟ್ಟು ಓದಿದ. ಅವನು ಓದಿದ್ದು ಮೆಲ್ಲಗೇ, ಆದರೆ ಆ ಗುಮ್ಮಟಕ್ಕೆ ಮೆಲ್ಲಗೆ ಎಂಬುದು ಗೊತ್ತಿಲ್ಲ. "ಸೋಪು ಕೊಡಲಿಲ್ಲ" ಎಂಬುದು ಇಡೀ ಸ್ನಾನಗೃಹವನ್ನು ಸುತ್ತಿ ಬಂತು. ಹಾವುಗೆಗಳೆಲ್ಲ ನಿಂತವು. ಕೊಳಕ್ಕೆ ಬೀಳುವ ನೀರು ಮಾತ್ರ ನಿಲ್ಲಲಿಲ್ಲ.

ದೊಬ್ರಿಂಕಾ ಕೊರಳಿನಿಂದ ದಾರ ತೆಗೆದಳು. ಕೂದಲಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡಳು. ಕೀಲಿಯನ್ನು ಪುಸ್ತಕದ ಪಕ್ಕ ಇಟ್ಟಳು.

"ಮಾತು ಮಾತೇ, ಸ್ಲಾವ್ಚೆವ್ ಅವರೇ. ಒಂದು ಅಂದಿದ್ರಿ. ಇಪ್ಪತ್ಮೂರಾಗಿದೆ."

"ಲೇ, ಅವಳ ಮೇಲಲ್ಲ ನಾವು ಬರ್ದಿದ್ದು!" ಎಂದು ವಸಿಲೆನಾ ಅಜ್ಜಿ ಬೆಂಚಿನಿಂದಲೇ ಕಿರುಚಿದಳು. "ನಿಮ್ಮ ಮೇಲೆ! ನಗರಸಭೆ ಮೇಲೆ!"

ಉಪಮೇಯರ್ ಕೀಲಿ ಮುಟ್ಟಲಿಲ್ಲ. ಯಾರ ಮುಖವನ್ನೂ ನೋಡಲಾಗದ್ದಕ್ಕೋ ಏನೋ, ಪುಸ್ತಕದ ಹಿಂದಿನ ಪುಟಗಳನ್ನು ತಿರುವುತ್ತ ಹೋದ. ಹೋಗಿ ಹೋಗಿ ಮೊದಲ ಪುಟಗಳಿಗೆ ಬಂದ. ಅಲ್ಲೊಂದು ಕಡೆ ಅವನ ಬೆರಳು ನಿಂತಿತು, ಬಹಳ ಹೊತ್ತು ನಿಂತಿತು. ನಾನು ಕತ್ತು ಚಾಚಿದೆ. ದುಂಡನೆಯ ಹೆಂಗಸಿನ ಅಕ್ಷರ, ನೀಲಿ ಶಾಯಿ: ನನ್ನ ಮಗನ ಕಣ್ಣಿಗೆ ಸೋಪು ಹೋಗಿದೆ. ಕೆಳಗೆ ಸಹಿ, ಸ್ಲಾವ್ಚೆವಾ.

"ಇದು ನಮ್ಮಮ್ಮ ಬರ್ದಿದ್ದು," ಎಂದ.

"ನೀವು ತುಂಬ ಒದ್ದಾಡ್ತಿದ್ರಿ," ಎಂದಳು ದೊಬ್ರಿಂಕಾ, ಆ ಸೋಪು ಈಗಷ್ಟೇ ಕೈಯಿಂದ ಜಾರಿದಂತೆ. "ನಂದೇ ತಪ್ಪು. ಹೊಸಬಳು ನಾನು."

ಆ ತಾಯಿ ತೀರಿಕೊಂಡು ಆರು ವರ್ಷವಾಗಿದೆ. ಅವನು ಅಳಲಿಲ್ಲ, ಅಷ್ಟು ಸುಲಭದ ಮನುಷ್ಯನಲ್ಲ. ಆದರೆ ಬೆರಳನ್ನು ಆ ಸಾಲಿನಿಂದ ಎತ್ತಲಿಲ್ಲ. ವ್ಯಾಪಾರದಲ್ಲಿ ಇಂಥ ಗಳಿಗೆಯೊಂದು ಬರುತ್ತದೆ. ಗಿರಾಕಿ ಹೋಗಲೂ ಆರ, ಕೊಳ್ಳಲೂ ಆರ. ಆಗ ಸುಮ್ಮನೆ ಸರಕನ್ನು ಅವನ ಕೈಗೆ ಕೊಡಬೇಕು. ನಾನು ಪುಸ್ತಕದ ರಟ್ಟು ತೆರೆದು ಒಳಗಿನ ಅಚ್ಚು ತೋರಿಸಿದೆ.

"ಸ್ಲಾವ್ಚೆವ್ ಅವರೇ, ಇಲ್ಲಿ ಆರನೇ ನಿಯಮ ನೋಡಿ. ಪ್ರತಿ ದೂರಿಗೂ ಹದಿನಾಲ್ಕು ದಿನದೊಳಗೆ ಸ್ಥಳ ಪರಿಶೀಲಿಸಿ ಲಿಖಿತ ಉತ್ತರ ಕೊಡತಕ್ಕದ್ದು. ಬೆಂಚಿನ ಕಾಲು ಅಲ್ಲಾಡುತ್ತಾ ಇಲ್ವಾ ಅಂತ ನೋಡೋಕೆ ನೀವೇ ಬರ್ತೀರಾ, ಇಲ್ಲಾ ಅಲ್ಲೀತನಕ ಕೀಲಿ ಇವಳ ಹತ್ರಾನೇ ಇರ್ಲಾ?"

ಅವನು ನನ್ನನ್ನು ನೋಡಿದ. ಪತ್ರಿಕೆಯವರಿದ್ದರು, ಸೋಫಿಯಾದವರಿದ್ದರು, ಸಹಿ ಮಾಡಿದ ಇಪ್ಪತ್ಮೂರು ಮತದಾರರಿದ್ದರು. ಒಂದು ಬೆರಳಿನಿಂದ ಕೀಲಿಯನ್ನು ಕಟ್ಟೆಯ ಆ ಬದಿಗೆ ತಳ್ಳಿದ.

"ಹದಿನಾಲ್ಕು ದಿನ," ಎಂದ ಒರಟಾಗಿ. "ಉತ್ತರ ನೀವು ಬರೀರಿ, ನಾನು ಸಹಿ ಹಾಕ್ತೀನಿ. ಎಲ್ಲ ಉತ್ತರ ಆದ್ಮೇಲೆ ಕೀಲಿ ನನ್ನ ಮೇಜಿಗೆ."

ದೊಬ್ರಿಂಕಾ ಕೀಲಿಯನ್ನು ಕೊರಳಿಗೆ ಹಾಕಿಕೊಂಡು, ಹಾಕಿಕೊಂಡೆನೋ ಇಲ್ಲವೋ ಎಂದು ಮೂರು ಸಲ ಮುಟ್ಟಿ ನೋಡಿಕೊಂಡಳು.

ಆ ಹದಿನಾಲ್ಕು ದಿನ ಅವಳು ಪಟ್ಟ ಪಾಡು ನಾನು ಕಂಡಿದ್ದೇನೆ. ಬೆಂಚಿನ ಕಾಲಿಗೆ ತಾನೇ ಬೆಣೆ ಹೊಡೆದಳು. ಉಸಿರಿನ ಗೂಡಿನ ಬಾಗಿಲಿಗೆ, "ಇವರು ಆರೋಗ್ಯವಾಗಿದ್ದಾರೆ" ಎಂದು ಚೀಟಿ ಅಂಟಿಸಿದಳು. ಕಾಲಿನ್ ಅದನ್ನು ಕಿತ್ತರೆ ಮತ್ತೆ ಅಂಟಿಸಿದಳು. ಹದಿನೇಳನೆಯ ದೂರಿಗೆ ಬಂದಾಗ ಮಾತ್ರ ಎರಡು ದಿನ ಪುಸ್ತಕ ತೆರೆಯಲಿಲ್ಲ. ಅದರಲ್ಲಿದ್ದುದು: "ಸರದಿ ಕೂಗುವ ದನಿ ಕೇಳಿಸುತ್ತಿಲ್ಲ. ಎದುರು ರಸ್ತೆಯಲ್ಲಿ ವ್ಯಾಪಾರ ಮಾಡುವುದು ಕಷ್ಟ." ಅಕ್ಷರ ಯಾರದೆಂದು ನಾನು ಹೇಳುವುದಿಲ್ಲ.

ಎರಡನೆಯ ಶನಿವಾರ ಸಂಜೆ, ಪ್ರದರ್ಶನ ನಡೆಯುತ್ತಿದ್ದಾಗ, ರಸ್ತೆ ದಾಟಿ ಬಂತು. ಮೊದಲು ಸಣ್ಣಗೆ, ನಡುಗುತ್ತ: "ಏಳನೇ ನಂಬರ್..." ಆಮೇಲೆ ಹಳೆಯ ಜೋರಿನಲ್ಲಿ, "ಹೊತ್ತಾಯ್ತು!" ಗಿರಾಕಿಯೊಬ್ಬನಿಗೆ ಪೈಪು ಅಳೆಯುತ್ತಿದ್ದ ನನಗೆ ಲೆಕ್ಕ ತಪ್ಪಿತು. ಎಲಿತ್ಸಾ ಆ ದಿನ ಅದನ್ನು ಹಿಡಿದುಕೊಂಡಳಂತೆ, ಅನುಮತಿ ಕೇಳಿಯೇ.

ಹದಿಮೂರನೆಯ ದಿನ ಗುರುವಾರ. ಇಪ್ಪತ್ಮೂರಕ್ಕೂ ಉತ್ತರ ಬರೆದು ಮುಗಿದಿತ್ತು. ದೊಬ್ರಿಂಕಾ ಗುಡಿಸಲೆಂದು ಬಾಗಿಲು ತೆರೆದರೆ ವಸಿಲೆನಾ ಅಜ್ಜಿ ಕೋಲೂರಿಕೊಂಡು ನಿಂತಿದ್ದಾಳೆ. ಪುಸ್ತಕ ಕೇಳಿದಳು. ನಿಯಮ ನಿಯಮವೇ, ಕೊಡಬೇಕಾಯಿತು. "ಗುಡಿಸುವಾಗ ದೂಳು ಏಳುತ್ತದೆ" ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಹೋದಳು. ಅದಕ್ಕೆ ಹದಿನಾಲ್ಕು ದಿನ. ಅದು ಮುಗಿಯುವ ಮುನ್ನಾ ದಿನ ಇನ್ನೊಬ್ಬಳು. ಈಗ ಊರಿನ ಹೆಂಗಸರೆಲ್ಲ ಸರದಿ ಹಾಕಿಕೊಂಡಿದ್ದಾರೆ. ಸ್ಲಾವ್ಚೆವ್ ಸಹಿ ಹಾಕುತ್ತಲೇ ಇದ್ದಾನೆ. ಬಾಗಿಲಿಗೆ ಹಲಗೆ ಬಿದ್ದಿಲ್ಲ.

ಎಲ್ಲರಿಗೂ ಸಂತೋಷ, ದೊಬ್ರಿಂಕಾಗೆ ಮಾತ್ರ ಸಂಕಟ. "ಮೂವತ್ತೊಂದು ವರ್ಷಕ್ಕೆ ಮೂರಿತ್ತು," ಎನ್ನುತ್ತಾಳೆ. "ಈಗ ಮೂವತ್ತಾರು. ನಾನು ಸತ್ತ ಮೇಲೆ ಈ ಪುಸ್ತಕ ಯಾರಾದ್ರೂ ಓದಿದ್ರೆ ಏನಂದ್ಕೋತಾರೆ?" ಪ್ರತಿ ದೂರನ್ನೂ ನಿಜವೆಂದೇ ನಂಬಿ, ಈಗ ಗುಡಿಸುವ ಮುಂಚೆ ನೀರು ಚಿಮುಕಿಸುತ್ತಾಳೆ.

ಮೊನ್ನೆ ನನ್ನ ಅಂಗಡಿಯ ಮೆಟ್ಟಿಲೇರಿ ಬಂದಳು. ನಾನು ಗಲ್ಲಾಪೆಟ್ಟಿಗೆ ಹಿಡಿದುಕೊಂಡೇ ಎದ್ದುನಿಂತೆ. ಒಂದು ಪೆನ್ಸಿಲು ಬೇಕೆಂದಳು. ಐದಾರು ತೆಗೆಸಿ, ಬೆಳಕಿಗೆ ಹಿಡಿದು, ಒಂದನ್ನು ಆರಿಸಿ ಕೊಂಡು ಹೋದಳು. ಇಪ್ಪತ್ತೆರಡು ವರ್ಷದ ಮೇಲೆ ಮೊದಲ ವ್ಯಾಪಾರ. ಮಾರನೆಯ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅದೇ ಪೆನ್ಸಿಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಒಳಗೆ ಸೀಸ ಮುರ್ದಿದೆ, ಹರಲಾಂಪಿ."

"ಬದ್ಲಾಯಿಸಿ ಕೊಡ್ತೀನಿ, ಬಾ."

"ಅದಿರ್ಲಿ," ಎಂದು ಗೋಡೆಯನ್ನೆಲ್ಲ ಕಣ್ಣಲ್ಲೇ ಹುಡುಕಿದಳು. "ನಿನ್ನ ಅಂಗಡೀಲಿ ದೂರು ಪುಸ್ತಕ ಎಲ್ಲಿಟ್ಟಿದ್ದೀಯ?"